ಆರ್ಗನ್ ಮಾಂತ್ರಿಕ ಜಿಮ್ಮಿ ಸ್ಮಿತ್

ಅಜ್ಜನ ಕಾಲದ ವಸ್ತುಗಳೆಂದು ಅಟ್ಟ ಸೇರಿದ್ದ ಗ್ರಾಮಫೋನ್ ತಟ್ಟೆಗಳು ಈಗ ಮತ್ತೆ ಅಂಗಡಿಗೆ ಬಂದಿವೆ. ಅರವತ್ತು ವರ್ಷಗಳಿಗೂ ಹಳೆಯ ಜಾಝ್ ಸಂಗೀತವನ್ನು ಮೂಲ ಟೇಪಿನಿಂದಲೇ ಹೊಸದಾಗಿ ಕೊರೆದು, ದಪ್ಪ ತಟ್ಟೆಯಲ್ಲಿ ಒತ್ತಿ, ಹಿಂದಿನ ಹೊದಿಕೆಯ ಚಿತ್ರದೊಂದಿಗೆ ಮಾರುತ್ತಾರೆ. ಸಂಗ್ರಹಿಸುವ ಹವ್ಯಾಸವುಳ್ಳವರು ಅವಕ್ಕೆ ಒಳ್ಳೆಯ ಬೆಲೆಯನ್ನೇ ಕೊಡುತ್ತಾರೆ. ಹೀಗೆ ಹಲವು ಬಾರಿ ಮರುಮುದ್ರಣ ಕಂಡ ಆಲ್ಬಂಗಳಲ್ಲಿ ‘ಬ್ಯಾಕ್ ಅಟ್ ದಿ ಚಿಕನ್ ಶ್ಯಾಕ್’ ಕೂಡ ಒಂದು. ಅದರ ಹೊದಿಕೆಯ ಮೇಲೆ ಕೋಳಿಗೂಡಿನ ಮುಂದೆ ನಾಯಿಯೊಂದಿಗೆ ಇರುವ ವ್ಯಕ್ತಿಯೇ ಜಿಮ್ಮಿ ಸ್ಮಿತ್. ಅವರ ಜೀವನವನ್ನು ನಮ್ಮ ಮಕ್ಕಳಿಗೂ ಪೋಷಕರಿಗೂ ಪರಿಚಯಿಸಬೇಕೆಂಬುದು ನಮ್ಮ ಆಸೆ.

ಜೇಮ್ಸ್ ಆಸ್ಕರ್ ಸ್ಮಿತ್ ಅವರು ಹುಟ್ಟಿದ್ದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನಾರಿಸ್‌ಟೌನ್‌ನಲ್ಲಿ. ಇದು ಫಿಲಡೆಲ್ಫಿಯಾ ನಗರಕ್ಕೆ ಹತ್ತಿರದ ಊರು. ಹುಟ್ಟಿದ ದಿನ ಡಿಸೆಂಬರ್ 8. ವರ್ಷವನ್ನು ಕೆಲವರು 1925 ಎಂದೂ ಕೆಲವರು 1928 ಎಂದೂ ಬರೆಯುತ್ತಾರೆ. ಮನೆಯಲ್ಲಿಯೇ ಸಂಗೀತವಿತ್ತು. ಆರನೆಯ ವಯಸ್ಸಿಗೇ ಬಾಲಕ ಜಿಮ್ಮಿ ತಂದೆಯ ಜೊತೆ ಸೇರಿ ಕ್ಲಬ್ಬುಗಳಲ್ಲಿ ಹಾಡಿ ಕುಣಿಯುತ್ತಿದ್ದ. ಒಂಬತ್ತನೆಯ ವಯಸ್ಸಿನಲ್ಲಿ ಫಿಲಡೆಲ್ಫಿಯಾದ ಪ್ರತಿಭಾ ಸ್ಪರ್ಧೆಯೊಂದರಲ್ಲಿ ಪಿಯಾನೋ ನುಡಿಸಿ ಗೆದ್ದ. ಮುಂದೆ ಕೆಲಕಾಲ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ, 1949ರಲ್ಲಿ ಫಿಲಡೆಲ್ಫಿಯಾದ ಆರ್ನ್‌ಸ್ಟೀನ್ ಸಂಗೀತ ಶಾಲೆ ಸೇರಿದರು. ನಂತರ ನಗರದ ವಾದ್ಯತಂಡಗಳಲ್ಲಿ ಪಿಯಾನೋ ವಾದಕರಾಗಿ ದುಡಿಯತೊಡಗಿದರು.

ಅಷ್ಟರಲ್ಲಿ ಅವರ ಮನಸ್ಸನ್ನು ಬೇರೊಂದು ವಾದ್ಯ ಸೆಳೆಯಿತು. ಅದೇ ಹ್ಯಾಮಂಡ್ ಆರ್ಗನ್. ಇದರ ಬಗ್ಗೆ ನಾವು ಸ್ವಲ್ಪ ತಿಳಿದುಕೊಳ್ಳೋಣ. ಚರ್ಚುಗಳಲ್ಲಿರುವ ಹಳೆಯ ಆರ್ಗನ್‌ನಲ್ಲಿ ದೊಡ್ಡ ದೊಡ್ಡ ಕೊಳವೆಗಳ ಮೂಲಕ ಗಾಳಿ ಹರಿದು ನಾದ ಹುಟ್ಟುತ್ತದೆ. ಅದಕ್ಕೆ ಖರ್ಚೂ ಜಾಸ್ತಿ, ಜಾಗವೂ ಜಾಸ್ತಿ. ಗಡಿಯಾರ ತಯಾರಿಸುತ್ತಿದ್ದ ಲಾರೆನ್ಸ್ ಹ್ಯಾಮಂಡ್ ಎಂಬ ಎಂಜಿನಿಯರ್ 1935ರಲ್ಲಿ ವಿದ್ಯುತ್ತಿನಿಂದ ನುಡಿಯುವ ಆರ್ಗನ್ ಹೊರತಂದರು. ಅದರೊಳಗೆ ಮೋಟಾರಿನಿಂದ ತಿರುಗುವ ಸಣ್ಣ ಲೋಹದ ಚಕ್ರಗಳಿರುತ್ತವೆ. ಪ್ರತಿ ಚಕ್ರದ ಪಕ್ಕದಲ್ಲಿ ಒಂದು ಅಯಸ್ಕಾಂತ, ಅದಕ್ಕೆ ತಂತಿಯ ಸುರುಳಿ. ಚಕ್ರದ ಹಲ್ಲುಗಳು ಅಯಸ್ಕಾಂತದ ಮುಂದೆ ಹಾದುಹೋದಾಗ ಸುರುಳಿಯಲ್ಲಿ ವಿದ್ಯುತ್ ಅಲೆ ಏಳುತ್ತದೆ. ಅದೇ ಅಲೆ ಸ್ಪೀಕರಿನಲ್ಲಿ ಸ್ವರವಾಗಿ ಕೇಳಿಸುತ್ತದೆ. ಕೊಳವೆಯ ಆರ್ಗನ್ ಕೊಳ್ಳಲಾಗದ ಸಣ್ಣ ಚರ್ಚುಗಳಿಗೆ ಇದು ವರದಾನವಾಯಿತು.

1954ರಲ್ಲಿ ಬಂದ ಬಿ-3 ಎಂಬ ಮಾದರಿಯಲ್ಲಿ ಮೇಲೊಂದು ಕೆಳಗೊಂದು ಕೀಲಿಮಣೆಗಳಿದ್ದವು, ಒಂದೊಂದರಲ್ಲೂ 61 ಕೀಲಿಗಳು. ಕಾಲಿಗೆ 25 ಮರದ ಪೆಡಲುಗಳು. ನಮ್ಮ ಕಾಲು ಹಾರ್ಮೋನಿಯಂನಲ್ಲಿ ಪೆಡಲ್ ಒತ್ತುವುದು ಗಾಳಿ ತುಂಬಲಿಕ್ಕೆ. ಇಲ್ಲಿ ಹಾಗಲ್ಲ, ಪ್ರತಿ ಪೆಡಲ್‌ಗೂ ತನ್ನದೇ ಸ್ವರವಿದೆ. ಅಂದರೆ ಎರಡು ಕೈಗಳೂ ಎರಡು ಕಾಲುಗಳೂ ಒಟ್ಟಿಗೆ ನುಡಿಸಬೇಕು.

ವೈಲ್ಡ್ ಬಿಲ್ ಡೇವಿಸ್ ಎಂಬ ಹಿರಿಯ ವಾದಕರ ಆರ್ಗನ್ ಕೇಳಿದ ಮೇಲೆ ಸ್ಮಿತ್ ಅವರಿಗೆ ಪಿಯಾನೋದಲ್ಲಿ ಮನಸ್ಸು ನಿಲ್ಲಲಿಲ್ಲ. ಆದರೆ ಈ ವಾದ್ಯದ ಪೆಡಲುಗಳು ಒಲಿಯಲು ವರ್ಷಗಟ್ಟಲೆ ಬೇಕು ಎಂಬುದು ಬಲ್ಲವರ ಅಭಿಪ್ರಾಯವಾಗಿತ್ತು. ಸ್ಮಿತ್ ಹಿಂಜರಿಯಲಿಲ್ಲ. ಸಾಲ ಮಾಡಿ ಒಂದು ಆರ್ಗನ್ ಕೊಂಡು ಅದನ್ನು ಒಂದು ಗೋದಾಮಿನಲ್ಲಿ ಇರಿಸಿದರು. ದಿನವೂ ಅಲ್ಲಿಗೆ ಹೋಗಿ ಒಬ್ಬರೇ ಅಭ್ಯಾಸ ಮಾಡಿದರು. ದೊಡ್ಡ ಕಾಗದದ ಮೇಲೆ ಪೆಡಲುಗಳ ಚಿತ್ರ ಬರೆದು ಎದುರಿನ ಗೋಡೆಗೆ ಅಂಟಿಸಿದ್ದರು. ಕಾಲಿನ ಕಡೆ ಬಗ್ಗಿ ನೋಡದೆ ಆ ಚಿತ್ರ ನೋಡುತ್ತಲೇ ಯಾವ ಪೆಡಲ್ ಎಲ್ಲಿದೆ ಎಂದು ಕಲಿತರು. ಆರು ತಿಂಗಳಿಂದ ಒಂದು ವರ್ಷದವರೆಗೆ ಹೀಗೆ ನಡೆಯಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಚಿಕ್ಕಂದಿನಲ್ಲೇ ಬಹುಮಾನ ಗೆದ್ದ, ಪಿಯಾನೋದಲ್ಲಿ ಪಳಗಿದ ಕಲಾವಿದರು ಮತ್ತೆ ಒಂದನೆಯ ತರಗತಿಯ ವಿದ್ಯಾರ್ಥಿಯಂತೆ ಕುಳಿತಿದ್ದರು ಎಂಬುದನ್ನು ನಾವು ಗಮನಿಸಬೇಕು.

ಫಲ ಸಿಗಲು ತಡವಾಗಲಿಲ್ಲ. ನ್ಯೂಯಾರ್ಕಿನ ಬ್ಲೂ ನೋಟ್ ಧ್ವನಿಮುದ್ರಣ ಸಂಸ್ಥೆಯ ಆಲ್ಫ್ರೆಡ್ ಲಯನ್ ಅವರು ಹಾರ್ಲೆಮ್‌ನ ಕ್ಲಬ್ಬೊಂದರಲ್ಲಿ ಸ್ಮಿತ್ ಅವರ ವಾದನ ಕೇಳಿ ಬೆರಗಾದರು. ಲಯನ್ ಮತ್ತು ಅವರ ಗೆಳೆಯ ಫ್ರಾನ್ಸಿಸ್ ವುಲ್ಫ್ ಇಬ್ಬರೂ ಜರ್ಮನಿಯ ಬರ್ಲಿನ್ ಬಿಟ್ಟು ಬಂದು ಅಮೆರಿಕದಲ್ಲಿ ನೆಲೆಸಿದವರು. 1956ರಲ್ಲಿ ಸ್ಮಿತ್ ಅವರ ಮೊದಲ ಆಲ್ಬಂ ಹೊರಬಂದಿತು. ಅಲ್ಲಿಯವರೆಗೆ ಜಾಝ್‌ನಲ್ಲಿ ಅಷ್ಟಾಗಿ ಗೌರವ ಕಾಣದಿದ್ದ ಆರ್ಗನ್‌ಗೆ ಅಲ್ಲಿಂದ ಮುಂದೆ ಒಂದು ಸ್ಥಾನ ದೊರೆಯಿತು.

ಈಗ ನಾವು ಆರಂಭದಲ್ಲಿ ಹೇಳಿದ ಆಲ್ಬಂಗೆ ಬರೋಣ. 1960ರ ಏಪ್ರಿಲ್ 25ರಂದು ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ ನಾಲ್ವರು ಸೇರಿದರು. ವ್ಯಾನ್ ಗೆಲ್ಡರ್ ಮೊದಲು ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ವೃತ್ತಿಯಲ್ಲಿದ್ದವರು, ತಂದೆತಾಯಿಯ ಮನೆಯ ಕೋಣೆಯಲ್ಲೇ ಧ್ವನಿಮುದ್ರಣ ಆರಂಭಿಸಿದವರು. ಅಂದು ಸ್ಟ್ಯಾನ್ಲಿ ಟರೆಂಟೈನ್ ಸ್ಯಾಕ್ಸೋಫೋನ್, ಕೆನ್ನಿ ಬರೆಲ್ ಗಿಟಾರ್, ಡೊನಾಲ್ಡ್ ಬೈಲಿ ಡ್ರಮ್ಸ್ ನುಡಿಸಿದರು. ಜಾಝ್ ತಂಡಗಳಲ್ಲಿ ಸಾಮಾನ್ಯವಾಗಿ ಇರುವ ಬೇಸ್ ವಾದಕರೇ ಅಲ್ಲಿರಲಿಲ್ಲ. ಆ ಮಂದ್ರ ಸ್ವರಗಳನ್ನೂ ಸ್ಮಿತ್ ಅವರ ಎಡಗೈ ಮತ್ತು ಕಾಲುಗಳೇ ಕೊಟ್ಟವು. ಆ ಒಂದೇ ದಿನದ ವಾದನದಿಂದ ಎರಡು ಆಲ್ಬಂಗಳಾದವು. ‘ಮಿಡ್‌ನೈಟ್ ಸ್ಪೆಷಲ್’ 1961ರಲ್ಲಿ ಬಂದರೆ, ‘ಬ್ಯಾಕ್ ಅಟ್ ದಿ ಚಿಕನ್ ಶ್ಯಾಕ್’ 1963ರಲ್ಲಿ ಬಂದಿತು.

ಇಂದಿನ ಮರುಮುದ್ರಣಗಳಲ್ಲಿ ಕೆಲವನ್ನು 180 ಗ್ರಾಂ ತೂಕದ ತಟ್ಟೆಗಳ ಮೇಲೆ ಒತ್ತುತ್ತಾರೆ. ಕೆಲವು ತಟ್ಟೆಗಳು ನಿಮಿಷಕ್ಕೆ 33⅓ ಸುತ್ತಿನ ಬದಲು 45 ಸುತ್ತು ತಿರುಗುತ್ತವೆ. ವೇಗ ಹೆಚ್ಚಿದಂತೆ ಪ್ರತಿ ಸೆಕೆಂಡಿನ ನಾದಕ್ಕೆ ಹೆಚ್ಚು ಉದ್ದದ ಗೀರು ಸಿಗುತ್ತದೆ, ಆದ್ದರಿಂದ ಸೂಕ್ಷ್ಮ ಧ್ವನಿಗಳೂ ಸ್ಪಷ್ಟವಾಗುತ್ತವೆ. ಆದರೆ ಒಂದು ಬದಿಯಲ್ಲಿ ಹಿಡಿಸುವ ಸಂಗೀತ ಕಡಿಮೆಯಾಗಿ ಒಂದು ತಟ್ಟೆಯ ಆಲ್ಬಂ ಎರಡು ತಟ್ಟೆಯಾಗುತ್ತದೆ. ಇನ್ನು ಮೂಲ ತಟ್ಟೆಗಳನ್ನೇ ಹುಡುಕುವವರು ಕೊನೆಯ ಗೀರಿನ ಪಕ್ಕದ ಖಾಲಿ ಜಾಗದಲ್ಲಿ ವ್ಯಾನ್ ಗೆಲ್ಡರ್ ಅವರ ಮುದ್ರೆಯಿದೆಯೇ, ಅಂದು ತಟ್ಟೆ ಒತ್ತುತ್ತಿದ್ದ ಕಾರ್ಖಾನೆಯ, ಕಿವಿಯಂತೆ ಕಾಣುವ ಗುರುತಿದೆಯೇ ಎಂದು ದೀಪ ಹಿಡಿದು ನೋಡುತ್ತಾರೆ. ಕೀಲಿ ಒತ್ತಿದಾಗ ಹ್ಯಾಮಂಡ್‌ನಲ್ಲಿ ಟಕ್ ಎಂಬ ಸಣ್ಣ ಸದ್ದು ಕೇಳುತ್ತದೆ. ತಯಾರಕರು ಅದನ್ನು ದೋಷವೆಂದು ತಗ್ಗಿಸಲು ನೋಡಿದ್ದರು, ಜಾಝ್ ವಾದಕರು ಅದನ್ನೇ ಮೆಚ್ಚಿಕೊಂಡರು. ಒಳ್ಳೆಯ ಮುದ್ರಣದಲ್ಲಿ ಆ ಟಕ್ ಸದ್ದನ್ನು ಮಕ್ಕಳೂ ಗುರುತಿಸಬಹುದು.

ಸ್ಮಿತ್ ಅವರು 1962ರಿಂದ ವರ್ವ್ ಸಂಸ್ಥೆಗೆ ನುಡಿಸಿದರು. 1964ರಲ್ಲಿ ಲಾಲೋ ಶಿಫ್ರಿನ್ ಅವರ ವಾದ್ಯಸಂಯೋಜನೆಯಲ್ಲಿ ‘ದಿ ಕ್ಯಾಟ್’ ಬಂದಿತು. ನಮ್ಮ ಮಕ್ಕಳಿಗೆ ಗೊತ್ತಿರುವ ಒಂದು ವಿಷಯವನ್ನೂ ಹೇಳಬೇಕು. ಮೈಕೇಲ್ ಜಾಕ್ಸನ್ ಅವರ 1987ರ ‘ಬ್ಯಾಡ್’ ಹಾಡಿನ ನಡುವೆ ಕೇಳುವ ಆರ್ಗನ್ ವಾದನ ಇದೇ ಜಿಮ್ಮಿ ಸ್ಮಿತ್ ಅವರದು. 2005ರಲ್ಲಿ ಅಮೆರಿಕ ಸರ್ಕಾರದ ಕಲಾನಿಧಿಯು ಅವರಿಗೆ ಜಾಝ್ ಮಾಸ್ಟರ್ ಗೌರವ ನೀಡಿತು. ಅದೇ ವರ್ಷ ಫೆಬ್ರವರಿ 8ರಂದು ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಅವರು ತೀರಿಕೊಂಡರು.

ಪೋಷಕರಾದ ನಾವು ಮಕ್ಕಳನ್ನು ಸಂಗೀತ, ನೃತ್ಯ, ಕರಾಟೆ ಎಂದು ಒಂದು ತರಗತಿಯಿಂದ ಇನ್ನೊಂದಕ್ಕೆ ಕರೆದೊಯ್ಯುತ್ತೇವೆ. ಮೂರು ತಿಂಗಳಾಗುವಷ್ಟರಲ್ಲಿ ವಾರ್ಷಿಕೋತ್ಸವದ ವೇದಿಕೆಯ ಮೇಲೆ ನೋಡಲು ಬಯಸುತ್ತೇವೆ. ಸ್ಮಿತ್ ಅವರ ಗೋದಾಮಿನಲ್ಲಿ ವೇದಿಕೆ ಇರಲಿಲ್ಲ, ಚಪ್ಪಾಳೆಯೂ ಇರಲಿಲ್ಲ. ಮರುಮುದ್ರಿತ ತಟ್ಟೆಯನ್ನು ಹಣ ಕೊಟ್ಟು ಯಾರಾದರೂ ತರಬಹುದು. ಅದರಲ್ಲಿ ಕೇಳುವ ಮಂದ್ರ ಸ್ವರಗಳು ಮಾತ್ರ ಗೋಡೆಗೆ ಅಂಟಿಸಿದ ಒಂದು ಕಾಗದದ ಮುಂದೆ ಕಲಿತವು. ನಮ್ಮ ಮನೆಯ ಮಗು ಒಂದೇ ಪಾಠವನ್ನು ನೂರನೆಯ ಸಲ ತಪ್ಪುತಪ್ಪಾಗಿ ನುಡಿಸುತ್ತಿರುವಾಗ, ಬಾಗಿಲು ಮುಚ್ಚಿ ಇನ್ನಷ್ಟು ಹೊತ್ತು ನುಡಿಸಲು ಬಿಡೋಣ.