ಗ್ಯಾರಿ ಕಿಲ್ಡಾಲ್

ಗ್ಯಾರಿ ಆರ್ಲೆನ್ ಕಿಲ್ಡಾಲ್ (19 ಮೇ 1942 – 11 ಜುಲೈ 1994) ಅಮೆರಿಕದ ಗಣಕವಿಜ್ಞಾನಿ. ಮೈಕ್ರೊಕಂಪ್ಯೂಟರುಗಳಲ್ಲಿ ಮೊದಲು ವ್ಯಾಪಕವಾಗಿ ಬಳಕೆಗೆ ಬಂದ ಸಿಪಿ/ಎಂ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ರಚಿಸಿದವರು. ಫ್ಲಾಪಿ ಡ್ರೈವನ್ನು ನಡೆಸುವ ಭಾಗವನ್ನು ಉಳಿದ ತಂತ್ರಾಂಶದಿಂದ ಬೇರ್ಪಡಿಸಿ, ಯಂತ್ರದ ಒಡೆಯನೇ ಅದನ್ನು ತಿದ್ದಿಕೊಳ್ಳುವಂತೆ ಮಾಡಿದ್ದು ಇವರ ಮುಖ್ಯ ಕೊಡುಗೆಗಳಲ್ಲೊಂದು.

ಜೀವನ ಮತ್ತು ಶಿಕ್ಷಣ

ಕಿಲ್ಡಾಲ್ ಹುಟ್ಟಿದ್ದು ವಾಷಿಂಗ್ಟನ್ ರಾಜ್ಯದ ಸಿಯಾಟಲ್‌ನಲ್ಲಿ. ಅವರ ಕುಟುಂಬ ಅಲ್ಲಿ ನೌಕಾಯಾನ ಶಾಲೆಯೊಂದನ್ನು ನಡೆಸುತ್ತಿತ್ತು; ತಾರುಣ್ಯದಲ್ಲಿ ಅವರೂ ಅಲ್ಲಿ ಪಾಠ ಹೇಳಿದರು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓದಿ, ನೌಕಾಪಡೆಯ ಸೇವೆಯ ನಿಮಿತ್ತ ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿರುವ ನೌಕಾ ಸ್ನಾತಕೋತ್ತರ ಶಾಲೆಯ ಅಧ್ಯಾಪಕರಾದರು. 1972ರಲ್ಲಿ ಪಿಎಚ್.ಡಿ. ಪದವಿ ಪಡೆದರು.

ಸಿಪಿ/ಎಂ ರಚನೆ

ಇಂಟೆಲ್ ಕಂಪನಿಯ ಸಲಹೆಗಾರರಾಗಿ ಅವರು ಮೈಕ್ರೊಪ್ರೊಸೆಸರುಗಳಿಗಾಗಿ ಪಿಎಲ್/ಎಂ ಭಾಷೆಯನ್ನು ರೂಪಿಸಿದರು. ಆಗ ಸಣ್ಣ ಯಂತ್ರಗಳಲ್ಲಿ ಮಾಹಿತಿಯನ್ನು ಉಳಿಸಲು ರಂಧ್ರ ಕೊರೆದ ಕಾಗದದ ಪಟ್ಟಿಯೇ ಗತಿಯಾಗಿತ್ತು. ಶುಗಾರ್ಟ್ ಕಂಪನಿಯಲ್ಲಿ ಪರೀಕ್ಷೆಗೆ ಬಳಸಿ ಸವೆದಿದ್ದ ಫ್ಲಾಪಿ ಡ್ರೈವೊಂದು ಅವರ ಕೈಸೇರಿತಾದರೂ ಅದನ್ನು ಯಂತ್ರಕ್ಕೆ ಜೋಡಿಸುವ ನಿಯಂತ್ರಕ ಫಲಕ ಅವರಿಂದ ಆಗಲಿಲ್ಲ. ಗೆಳೆಯ ಜಾನ್ ಟೊರೋಡ್ ಅದನ್ನು ನಿರ್ಮಿಸಿಕೊಟ್ಟ ಮೇಲೆ, 1974ರಲ್ಲಿ ಸಿಪಿ/ಎಂ ಕೆಲಸ ಮಾಡತೊಡಗಿತು. ಇಂಟೆಲ್ ಅದನ್ನು ಮಾರಲು ಮುಂದಾಗದ ಕಾರಣ ಪತ್ನಿ ಡೊರೊತಿಯವರೊಡನೆ, ಮುಂದೆ ಡಿಜಿಟಲ್ ರಿಸರ್ಚ್ ಎಂದು ಹೆಸರಾದ ಸಂಸ್ಥೆಯನ್ನು ತಾವೇ ಆರಂಭಿಸಿದರು.

ಬಯಾಸ್ ಮತ್ತು ಫ್ಲಾಪಿಯ ವೇಗ

ಒಂದೊಂದು ಕಂಪನಿಯ ಡಿಸ್ಕ್ ನಿಯಂತ್ರಕವೂ ಒಂದೊಂದು ಬಗೆ. ಇಮ್‌ಸಾಯ್ ಮೊದಲಾದ ತಯಾರಕರಿಗಾಗಿ ಪ್ರತಿ ಸಲವೂ ಇಡೀ ತಂತ್ರಾಂಶವನ್ನು ತಿದ್ದುವ ಬದಲು, ಯಂತ್ರಾವಲಂಬಿ ಭಾಗವನ್ನಷ್ಟೇ ಕಿಲ್ಡಾಲ್ ಪ್ರತ್ಯೇಕಿಸಿ ಬಯಾಸ್ ಎಂದು ಕರೆದರು. ಡ್ರೈವ್ ಆರಿಸು, ಟ್ರ್ಯಾಕಿಗೆ ಹೋಗು, ಸೆಕ್ಟರ್ ಓದು, ಬರೆ ಎಂಬಂಥ ಕೆಲವೇ ಸಣ್ಣ ಕಾರ್ಯಗಳು ಅದರಲ್ಲಿದ್ದವು.

ಇದರ ಮಹತ್ವ ತಿಳಿಯಲು ಅಂದಿನ ಡಿಸ್ಕನ್ನು ಗಮನಿಸಬೇಕು. 8 ಅಂಗುಲದ ಫ್ಲಾಪಿಯಲ್ಲಿ 77 ಟ್ರ್ಯಾಕುಗಳು, ಪ್ರತಿ ಟ್ರ್ಯಾಕಿನಲ್ಲಿ 128 ಬೈಟುಗಳ 26 ಸೆಕ್ಟರುಗಳು. ತಟ್ಟೆ ಸೆಕೆಂಡಿಗೆ 6 ಸುತ್ತು ತಿರುಗುತ್ತಿತ್ತು. ಓದಿದ ಸೆಕ್ಟರನ್ನು ಪ್ರೊಸೆಸರ್ ವಿಲೇವಾರಿ ಮಾಡುವಷ್ಟರಲ್ಲಿ ಮುಂದಿನದು ದಾಟಿಹೋಗಿರುತ್ತಿತ್ತು. ಅದು ಮರಳಿ ಬರಲು ಪೂರ್ತಿ ಒಂದು ಸುತ್ತು ಕಾಯಬೇಕು. ಹೀಗೆ ಒಂದು ಟ್ರ್ಯಾಕ್ ಓದಲು 26 ಸುತ್ತು, ಅಂದರೆ 4 ಸೆಕೆಂಡಿಗೂ ಮಿಕ್ಕಿದ ಸಮಯ ಬೇಕಾಗುತ್ತಿತ್ತು. ಸಿಪಿ/ಎಂ 1ರ ನಂತರ 7, ಆಮೇಲೆ 13 ಎಂದು ಆರರ ಅಂತರದಲ್ಲಿ ಸೆಕ್ಟರುಗಳನ್ನು ಬಳಸಿತು. ಅದೇ ಕೆಲಸ ಸುಮಾರು 1 ಸೆಕೆಂಡಿನಲ್ಲಿ ಮುಗಿಯಿತು.

1979ರ 2.0 ಆವೃತ್ತಿಯಲ್ಲಿ ಈ ಅಂತರದ ಕೋಷ್ಟಕವೂ ಡಿಸ್ಕಿನ ಅಳತೆಗಳೂ ಬಯಾಸ್‌ಗೆ ಸೇರಿದವು. ತಯಾರಕರು ಮಾತ್ರವಲ್ಲ, ಹವ್ಯಾಸಿಗಳೂ ಅದನ್ನು ತಿದ್ದತೊಡಗಿದರು. ಚುರುಕಾದ ಪ್ರೊಸೆಸರಿಗೆ ತಕ್ಕಂತೆ ಅಂತರ ತಗ್ಗಿಸುವುದು, ಡ್ರೈವಿನ ತಲೆ ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ಸರಿಯುವ ವಿಳಂಬವನ್ನು ಕಡಿಮೆ ಮಾಡುವುದು, ಇಡೀ ಟ್ರ್ಯಾಕನ್ನು ಒಮ್ಮೆಗೇ ಸ್ಮೃತಿಗೆ ತಂದುಕೊಳ್ಳುವುದು ಅವರ ಉಪಾಯಗಳು. ಇವು ನಿರಪಾಯಕರವೇನೂ ಆಗಿರಲಿಲ್ಲ. ಅಂತರ ತೀರ ಕಡಿಮೆಯಾದರೆ ವೇಗ ಮೊದಲಿಗಿಂತಲೂ ಕುಸಿಯುತ್ತಿತ್ತು. ಕೋಷ್ಟಕ ಬದಲಾದ ಡಿಸ್ಕನ್ನು ಬೇರೆ ಯಂತ್ರ ಸರಿಯಾಗಿ ಓದುತ್ತಿರಲಿಲ್ಲ. ಬರೆಯಬೇಕಾದುದನ್ನು ಸ್ಮೃತಿಯಲ್ಲೇ ಹಿಡಿದಿಟ್ಟಾಗ ವಿದ್ಯುತ್ ಹೋದರೆ ಮಾಹಿತಿ ನಷ್ಟವಾಗುತ್ತಿತ್ತು.

ಐಬಿಎಂ ಪ್ರಕರಣ

1980ರಲ್ಲಿ ಐಬಿಎಂ ಪ್ರತಿನಿಧಿಗಳು ಬಂದಾಗ ಕಿಲ್ಡಾಲ್ ವಿಮಾನವಿಹಾರಕ್ಕೆ ಹೋಗಿದ್ದರು ಎಂಬ ಕಥೆ ಇಂದಿಗೂ ಪ್ರಚಲಿತ. ಅವರು ತಮ್ಮ ವಿಮಾನದಲ್ಲಿ ಹೋಗಿದ್ದು ನಿಜವಾದರೂ ಅದು ವ್ಯವಹಾರದ ಭೇಟಿಗಾಗಿ. ಗೋಪ್ಯತೆಯ ಕರಾರು ಮತ್ತು ಪರವಾನಗಿಯ ಷರತ್ತುಗಳ ವಿಷಯದಲ್ಲಿ ಮಾತುಕತೆ ಕೂಡಿಬರಲಿಲ್ಲ. ಮೈಕ್ರೊಸಾಫ್ಟ್, ಟಿಮ್ ಪ್ಯಾಟರ್ಸನ್ ಬರೆದ ತಂತ್ರಾಂಶವನ್ನು ಕೊಂಡು ಐಬಿಎಂಗೆ ಒದಗಿಸಿತು. ಅದರ ಕಾರ್ಯಸೂಚಿಗಳು ಸಿಪಿ/ಎಂ ಮಾದರಿಯನ್ನೇ ಬಹಳಮಟ್ಟಿಗೆ ಅನುಸರಿಸಿದ್ದವು. ಐಬಿಎಂ ಮುಂದೆ ಸಿಪಿ/ಎಂ-86ನ್ನೂ ಮಾರಿತಾದರೂ ಅದರ ಬೆಲೆ 240 ಡಾಲರ್, ಪಿಸಿ ಡಾಸ್‌ನ ಬೆಲೆ 40 ಡಾಲರ್. ಕೊಳ್ಳುವವರ ಆಯ್ಕೆ ಯಾವ ಕಡೆಗೆ ಹೋಯಿತೆಂದು ಹೇಳಬೇಕಾಗಿಲ್ಲ.

ಕೊನೆಯ ವರ್ಷಗಳು

ಕಂಪ್ಯೂಟರ್ ಕ್ರಾನಿಕಲ್ಸ್ ಎಂಬ ದೂರದರ್ಶನ ಕಾರ್ಯಕ್ರಮದ ಸಹನಿರೂಪಕರಾಗಿ ಅವರು ಪರಿಚಿತರಾದರು. ಡಿಜಿಟಲ್ ರಿಸರ್ಚ್ ಸಂಸ್ಥೆಯನ್ನು 1991ರಲ್ಲಿ ನೊವೆಲ್ ಕೊಂಡಿತು. ಮಾಂಟೆರೆಯಲ್ಲಿ ತಲೆಗೆ ಪೆಟ್ಟಾಗಿ ಮೂರು ದಿನಗಳ ನಂತರ, 52ನೆಯ ವಯಸ್ಸಿನಲ್ಲಿ ನಿಧನರಾದರು. 2014ರಲ್ಲಿ ಪೆಸಿಫಿಕ್ ಗ್ರೋವ್‌ನಲ್ಲಿ ಸಂಸ್ಥೆಯ ಹಳೆಯ ಕಚೇರಿಯ ಬಳಿ ಸ್ಮಾರಕ ಫಲಕ ಸ್ಥಾಪಿತವಾಯಿತು. ಅದೇ ವರ್ಷ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಸಿಪಿ/ಎಂನ ಆರಂಭಿಕ ಆವೃತ್ತಿಗಳ ಮೂಲಸಂಕೇತವನ್ನು ಪ್ರಕಟಿಸಿತು.