ಕನ್ನಡಿಯಿಲ್ಲದ ವಾರ್ಡಿನ ಡಾಕ್ಟರ್: ಹೆರಾಲ್ಡ್ ಗಿಲೀಸ್

ಹೋದ ಸೆಮಿಸ್ಟರಿನಲ್ಲಿ ನಮ್ಮ ಹಾಸ್ಟೆಲಿನ ಗೆಳೆಯನೊಬ್ಬ ತನ್ನ ರೂಮಿನ ಕನ್ನಡಿಗೆ ಹಳೇ ಪೇಪರ್ ಅಂಟಿಸಿಬಿಟ್ಟ. ನಾವೆಲ್ಲ ಸೇರಿ ತಮಾಷೆ ಮಾಡಿದೆವು. ಪಿಯುಸಿಯಿಂದಲೂ ಅವನಿಗೆ ಮೊಡವೆ. ಈಗ ಮೊಡವೆ ನಿಂತಿದೆ, ಆದರೆ ಕೆನ್ನೆ ತುಂಬ ಗುಳಿ ಉಳಿದಿವೆ. ಪ್ಲೇಸ್‌ಮೆಂಟಿಗೆ ಫೋಟೋ ತೆಗೆಸೋ ದಿನ ಅವನು ಬರಲೇ ಇಲ್ಲ. ಆಮೇಲೆ ಗೊತ್ತಾಯಿತು, ಆನ್‌ಲೈನಿನಲ್ಲಿ ಡರ್ಮಾ ರೋಲರ್ ತರಿಸಿ, ವಿಡಿಯೋ ನೋಡಿಕೊಂಡು, ರಾತ್ರಿ ಬಾತ್‌ರೂಮಿನಲ್ಲಿ ತಾನೇ ಕೆನ್ನೆ ಮೇಲೆ ಉರುಳಿಸಿಕೊಂಡಿದ್ದ. ಬೇಗ ವಾಸಿಯಾಗಲಿ ಅಂತ ದಿನಾ ಉರುಳಿಸಿದ. ವಾರ ತುಂಬುವುದರೊಳಗೆ ಕೆನ್ನೆ ಊದಿ ಕೀವು ತುಂಬಿತ್ತು.

ಅವನನ್ನು ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದವರು ನಾವೇ. ಅವರು ಬೈಯಲಿಲ್ಲ. ಸೂಜಿಯಿಂದ ಗುಳಿ ಕಡಿಮೆ ಮಾಡುವುದು ನಿಜವಾದ ಚಿಕಿತ್ಸೆಯೇ, ಅದಕ್ಕೆ ಮೈಕ್ರೋನೀಡ್ಲಿಂಗ್ ಅಂತಾರೆ, ಆದರೆ ಅದಕ್ಕೆ ಶುದ್ಧ ಸೂಜಿ ಬೇಕು, ಸರಿಯಾದ ಆಳ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ನಡುವೆ ವಾರಗಟ್ಟಲೆ ಬಿಡುವು ಬೇಕು ಅಂದರು. ಗಾಯದ ಗುರುತಿನ ವಿಷಯದಲ್ಲಿ ಆತುರ ಮಾಡಬಾರದು ಅನ್ನೋದನ್ನು ವೈದ್ಯರು ಬಹಳ ಕಷ್ಟಪಟ್ಟು ಕಲಿತಿದ್ದಾರೆ ಅಂತಲೂ ಹೇಳಿದರು. ಯಾರು ಕಲಿತದ್ದು, ಹೇಗೆ ಕಲಿತದ್ದು ಅಂತ ಹುಡುಕುತ್ತಾ ಹೊರಟ ನಮಗೆ ಸಿಕ್ಕ ಹೆಸರು ಹೆರಾಲ್ಡ್ ಗಿಲೀಸ್. ಈ ಸಂಚಿಕೆಯಲ್ಲಿ ಅವರ ಕಥೆ.

ಸರ್ವೇಯರ್ ಮಗ

ಗಿಲೀಸ್ ಹುಟ್ಟಿದ್ದು 1882ರ ಜೂನ್ 17ರಂದು, ನ್ಯೂಜಿಲೆಂಡಿನ ಡ್ಯುನೀಡಿನ್ ಊರಿನಲ್ಲಿ. ತಂದೆ ರಾಬರ್ಟ್ ಗಿಲೀಸ್ ಭೂಮಿ ಅಳೆಯುವ ಸರ್ವೇಯರ್. ನಮ್ಮ ಸಿವಿಲ್ ಬ್ರಾಂಚಿನವರು ಇಲ್ಲಿ ಸ್ವಲ್ಪ ಹೆಮ್ಮೆಪಡಬಹುದು. ಎಂಟು ಮಕ್ಕಳಲ್ಲಿ ಇವರೇ ಕಿರಿಯವರು. ನಾಲ್ಕು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ಚಿಕ್ಕಂದಿನಲ್ಲಿ ಮೆಟ್ಟಿಲಿನ ಕಟಕಟೆ ಮೇಲಿಂದ ಜಾರಲು ಹೋಗಿ ಮೊಣಕೈ ಮುರಿದುಕೊಂಡರು. ಆ ಕೈ ಮತ್ತೆಂದೂ ಪೂರ್ತಿ ಆಡಲಿಲ್ಲ. ಅದೇ ಕೈಯಲ್ಲಿ ಮುಂದೆ ಕೇಂಬ್ರಿಡ್ಜಿನ ಪರವಾಗಿ 1904ರ ದೋಣಿ ಸ್ಪರ್ಧೆಯಲ್ಲಿ ಹುಟ್ಟು ಹಾಕಿದರು, ಒಳ್ಳೆಯ ಗಾಲ್ಫ್ ಆಟಗಾರ ಅನ್ನಿಸಿಕೊಂಡರು, ಸಾವಿರಾರು ಆಪರೇಷನ್ ಮಾಡಿದರು.

ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯಕೀಯ ತರಬೇತಿ ಮುಗಿಸಿ ಕಿವಿ-ಮೂಗು-ಗಂಟಲಿನ ಡಾಕ್ಟರಾದರು. ಕೆಲಸ ಚೆನ್ನಾಗಿತ್ತು, ಮದುವೆಯಾಗಿತ್ತು, ಗಾಲ್ಫ್ ಇತ್ತು. 1914ರಲ್ಲಿ ಯುದ್ಧ ಬಾರದೇ ಹೋಗಿದ್ದರೆ ಅವರ ಬದುಕು ಹಾಗೇ ಆರಾಮಾಗಿ ಸಾಗುತ್ತಿತ್ತೇನೋ.

ಹತ್ತು ಪೌಂಡಿನ ಲೇಬಲ್‌ಗಳು

ಮೊದಲ ಮಹಾಯುದ್ಧ ನಡೆದದ್ದು ಕಂದಕಗಳಲ್ಲಿ. ಮೈಯೆಲ್ಲ ಕಂದಕದೊಳಗೆ, ತಲೆ ಮಾತ್ರ ಮೇಲೆ. ಗುಂಡು, ಸಿಡಿಗುಂಡಿನ ಚೂರು ಬಂದು ಬಡಿಯುತ್ತಿದ್ದದ್ದು ಮುಖಕ್ಕೆ. ದವಡೆ, ಮೂಗು, ಕೆನ್ನೆ ಕಳೆದುಕೊಂಡವರು ಬದುಕಿ ಉಳಿಯುತ್ತಿದ್ದರು, ಆದರೆ ಅವರಿಗೆ ಏನು ಮಾಡಬೇಕೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಸಾಮಾನ್ಯವಾಗಿ ಗಾಯದ ಅಂಚುಗಳನ್ನು ಹತ್ತಿರಕ್ಕೆ ಎಳೆದು ಹೊಲಿದುಬಿಡುತ್ತಿದ್ದರು. ಗಾಯ ಮಾಯುತ್ತಿದ್ದಂತೆ ಗುರುತು ಬಿಗಿದುಕೊಂಡು, ಇರುವ ಮುಖವನ್ನೂ ಒಂದು ಕಡೆಗೆ ಎಳೆದುಬಿಡುತ್ತಿತ್ತು.

1915ರಲ್ಲಿ ಫ್ರಾನ್ಸಿಗೆ ಹೋದ ಗಿಲೀಸ್ ಅಲ್ಲಿ ಇಬ್ಬರನ್ನು ಕಂಡರು. ಒಬ್ಬರು ಶಾರ್ಲ್ ವಾಲಾಡಿಯೇ ಅನ್ನೋ ಹಲ್ಲಿನ ಡಾಕ್ಟರು, ತಮ್ಮ ರೋಲ್ಸ್‌ರಾಯ್ಸ್ ಕಾರಿನೊಳಗೇ ಹಲ್ಲಿನ ಕುರ್ಚಿ ಕೂರಿಸಿಕೊಂಡು ಓಡಾಡುತ್ತಿದ್ದ ಮನುಷ್ಯ. ಇನ್ನೊಬ್ಬರು ಪ್ಯಾರಿಸಿನ ಸರ್ಜನ್ ಇಪ್ಪೊಲೀತ್ ಮೊರೆಸ್ತಾಂ. ಅವರು ಒಬ್ಬ ರೋಗಿಯ ಮುಖದ ಗೆಡ್ಡೆ ತೆಗೆದು, ಪಕ್ಕದ ಚರ್ಮವನ್ನೇ ತಿರುಗಿಸಿ ಆ ಜಾಗ ಮುಚ್ಚಿದ್ದನ್ನು ನೋಡಿದ ಮೇಲೆ ಗಿಲೀಸರಿಗೆ ಬೇರೆ ಕೆಲಸ ಬೇಡವಾಯಿತು.

ಇಂಗ್ಲೆಂಡಿಗೆ ವಾಪಸಾಗಿ ಸೈನ್ಯದ ಮೇಲಧಿಕಾರಿಗಳ ಬೆನ್ನು ಹತ್ತಿ, 1916ರ ಶುರುವಿನಲ್ಲಿ ಆಲ್ಡರ್‌ಶಾಟ್‌ನ ಸೈನಿಕ ಆಸ್ಪತ್ರೆಯಲ್ಲಿ ಮುಖದ ಗಾಯಕ್ಕೆಂದೇ ವಾರ್ಡು ತೆಗೆಸಿದರು. ರೋಗಿಗಳು ತಮ್ಮ ಹತ್ತಿರವೇ ಬರಬೇಕಲ್ಲ, ಅದಕ್ಕೊಂದು ಉಪಾಯ ಮಾಡಿದರು. ಸ್ವಂತ ದುಡ್ಡು 10 ಪೌಂಡ್ ಕೊಟ್ಟು ತಮ್ಮ ವಿಳಾಸದ ಲೇಬಲ್‌ಗಳನ್ನು ಕೊಂಡು ಯುದ್ಧಭೂಮಿಯ ಆಸ್ಪತ್ರೆಗಳಿಗೆ ಕಳಿಸಿಕೊಟ್ಟರು. ಮುಖಕ್ಕೆ ಪೆಟ್ಟಾದವನ ಮೈಗೆ ಲೇಬಲ್ ಕಟ್ಟಿ ಕಳಿಸಿದರಾಯಿತು. ಆ ವರ್ಷದ ಜುಲೈ 1ರಂದು ಸೊಮ್ ಯುದ್ಧ ಶುರುವಾಯಿತು. ಸುಮಾರು 200 ಜನ ಬರಬಹುದು ಅಂದುಕೊಂಡಿದ್ದ ಕಡೆ 2000 ಜನ ಬಂದರು.

ನೀಲಿ ಬೆಂಚು

ಆಲ್ಡರ್‌ಶಾಟ್ ಸಾಲದಾಯಿತು. 1917ರಲ್ಲಿ ಲಂಡನ್ನಿನ ಹತ್ತಿರ ಸಿಡ್‌ಕಪ್ ಅನ್ನೋ ಊರಲ್ಲಿ ಕ್ವೀನ್ಸ್ ಆಸ್ಪತ್ರೆ ತೆರೆಯಿತು. ಅಲ್ಲಿ 5000ಕ್ಕೂ ಹೆಚ್ಚು ಸೈನಿಕರಿಗೆ 11,000ಕ್ಕೂ ಹೆಚ್ಚು ಆಪರೇಷನ್‌ಗಳಾದವು. ಆ ಆಸ್ಪತ್ರೆಯ ವಾರ್ಡುಗಳಲ್ಲಿ ಕನ್ನಡಿ ಇಡುತ್ತಿರಲಿಲ್ಲ. ಊರಿಗೆ ಹೋಗುವ ದಾರಿಯಲ್ಲಿ ಕೆಲವು ಬೆಂಚುಗಳಿಗೆ ನೀಲಿ ಬಣ್ಣ ಬಳಿದಿದ್ದರು. ಅಲ್ಲಿ ಕೂತಿರುವವನ ಮುಖ ನೋಡಿ ಬೆಚ್ಚಿಬೀಳಬೇಡಿ ಅಂತ ಊರಿನವರಿಗೆ ಅದು ಮುನ್ಸೂಚನೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೂ ಆ ಬೆಂಚಿನ ಮೇಲೆ ಕೂತ ಇಪ್ಪತ್ತು ವರ್ಷದ ಹುಡುಗನಿಗೆ ಹೇಗನ್ನಿಸಿರಬೇಡ! ಅವನು ನಮ್ಮದೇ ವಯಸ್ಸಿನವನು.

ಗಿಲೀಸ್ ಇದನ್ನು ಅರ್ಥಮಾಡಿಕೊಂಡಿದ್ದರು. ಕಾಯುವ ತಿಂಗಳುಗಳಲ್ಲಿ ಹುಡುಗರು ಸುಮ್ಮನೆ ಕೂರಬಾರದೆಂದು ಅಲ್ಲಿ ಆಟಿಕೆ ಮಾಡುವುದು, ಕೋಳಿ ಸಾಕುವುದು ಇಂಥ ಕೆಲಸಗಳನ್ನು ಕಲಿಸುತ್ತಿದ್ದರು. ಡಾಕ್ಟರೂ ನಗಿಸುವ ಸ್ವಭಾವದವರು, ಕೀಟಲೆಗೆ ಹೆಸರಾದವರು.

ಕೆಲಸದ ವಿಷಯಕ್ಕೆ ಬಂದರೆ ಅವರ ರೀತಿ ಇಂಜಿನಿಯರ್ ರೀತಿಯೇ. ಮೊದಲು ದಾಖಲೆ. ಫೋಟೋ, ಪ್ಲಾಸ್ಟರ್ ಅಚ್ಚು, ರೇಖಾಚಿತ್ರ ಎಲ್ಲವೂ ಆಗಬೇಕು. ಹೆನ್ರಿ ಟಾಂಕ್ಸ್ ಅನ್ನೋ ಕಲಾವಿದರು, ಅವರೂ ಹಿಂದೆ ಸರ್ಜನ್ ಆಗಿದ್ದವರೇ, ಆಲ್ಡರ್‌ಶಾಟ್‌ನಲ್ಲೇ ರೋಗಿಗಳ ಮುಖವನ್ನು ಬಣ್ಣದಲ್ಲಿ ಬರೆದುಕೊಡುತ್ತಿದ್ದರು. ಎರಡನೆಯದು, ಜಾಗ ತಪ್ಪಿದ ಅಂಗಾಂಶವನ್ನು ಮೊದಲು ಅದರ ಸ್ವಂತ ಜಾಗಕ್ಕೆ ವಾಪಸ್ ಕೂರಿಸುವುದು. ನಿಜವಾಗಿ ಏನು ಕಳೆದುಹೋಗಿದೆ ಅನ್ನೋದು ಆಗ ಮಾತ್ರ ಕಾಣುತ್ತೆ. ಮೂರನೆಯದು, ಕಳೆದುಹೋದದ್ದನ್ನು ಅದೇ ಬಗೆಯ ಅಂಗಾಂಶದಿಂದ ತುಂಬುವುದು. ಮೂಳೆಯ ಜಾಗಕ್ಕೆ ಮೂಳೆ, ಚರ್ಮದ ಜಾಗಕ್ಕೆ ಚರ್ಮ, ಒಳಪೊರೆಯ ಜಾಗಕ್ಕೂ ಒಂದು ಪೊರೆ. ಡಯಾಗ್ನೋಸಿಸ್ ಆಗುವ ಮೊದಲೇ ರಿಪೇರಿಗೆ ಕೈ ಹಾಕಬಾರದು ಅಂತ ನಮ್ಮ ಲ್ಯಾಬಿನಲ್ಲೂ ಹೇಳಿಕೊಡ್ತಾರಲ್ಲ, ಅದೇ ಇದು.

ಸುರುಳಿಯಾದ ಚರ್ಮ

1917ರ ಅಕ್ಟೋಬರ್ 3. ರೋಗಿಯ ಹೆಸರು ವಿಲ್ಲಿ ವಿಕರೇಜ್, ನಾವಿಕ. ಹಿಂದಿನ ವರ್ಷ ಜಟ್‌ಲೆಂಡ್ ಸಮುದ್ರಯುದ್ಧದಲ್ಲಿ ಮದ್ದು ಹೊತ್ತಿಕೊಂಡು ಮುಖ ಸುಟ್ಟುಹೋಗಿತ್ತು. ಎದೆಯ ಚರ್ಮವನ್ನು ಎಬ್ಬಿಸಿ ಮುಖಕ್ಕೆ ತರಬೇಕು. ಆದರೆ ಚರ್ಮವನ್ನು ಪೂರ್ತಿ ಕತ್ತರಿಸಿದರೆ ರಕ್ತ ನಿಂತು ಅದು ಸಾಯುತ್ತೆ. ಹಾಗಾಗಿ ಒಂದು ತುದಿಯನ್ನು ಮೈಗೆ ಅಂಟಿಕೊಂಡಿರುವಂತೆಯೇ ಬಿಡಬೇಕು. ಸಪ್ಲೈ ಲೈನ್ ಕಟ್ ಮಾಡದೆ ಲೋಡನ್ನು ಬೇರೆ ಕಡೆ ಸಾಗಿಸಿದ ಹಾಗೆ. ಸಮಸ್ಯೆ ಏನಂದರೆ, ಎಬ್ಬಿಸಿದ ಚರ್ಮದ ಹಸಿಯಾದ ಒಳಮೈ ವಾರಗಟ್ಟಲೆ ತೆರೆದೇ ಇರುತ್ತಿತ್ತು. ಆಂಟಿಬಯಾಟಿಕ್ ಇಲ್ಲದ ಕಾಲ. ಸೋಂಕು ತಗುಲಿದರೆ ಎಲ್ಲಾ ವ್ಯರ್ಥ.

ಆ ದಿನ ಆ ಚರ್ಮದ ಪಟ್ಟಿಯ ಅಂಚುಗಳು ತಾವಾಗಿಯೇ ಒಳಕ್ಕೆ ಸುರುಳಿಯಾಗುತ್ತಿದ್ದದ್ದು ಗಿಲೀಸರ ಕಣ್ಣಿಗೆ ಬಿತ್ತು. ಹಾಗೇ ಎರಡೂ ಅಂಚು ಕೂಡಿಸಿ ಹೊಲಿದರೆ? ಕೊಳವೆಯಾಗುತ್ತೆ. ಹಸಿ ಭಾಗ ಒಳಗೆ ಮುಚ್ಚಿಹೋಗುತ್ತೆ, ರಕ್ತ ಒಳಗೆ ಹರಿಯುತ್ತಿರುತ್ತೆ, ಸೋಂಕಿಗೆ ದಾರಿ ಕಡಿಮೆ. ಇನ್ನೊಂದು ತುದಿ ಹೊಸ ಜಾಗದಲ್ಲಿ ಕಚ್ಚಿಕೊಂಡು ಅಲ್ಲಿಂದ ರಕ್ತ ಪಡೆಯಲು ಶುರುವಾದ ಮೇಲೆ ಹಳೇ ತುದಿಯನ್ನು ಬಿಡಿಸಬಹುದು. ಮುಂದೆ ಈ ಉಪಾಯದಿಂದ ಹೊಟ್ಟೆಯ ಚರ್ಮವನ್ನು ಮೊದಲು ಮಣಿಕಟ್ಟಿಗೆ, ಅಲ್ಲಿಂದ ಮುಖಕ್ಕೆ ಹೀಗೆ ಹೆಜ್ಜೆ ಹೆಜ್ಜೆಯಾಗಿ ಸಾಗಿಸಿದರು. ಇದೇ ಉಪಾಯವನ್ನು ಒಡೆಸ್ಸಾದ ವ್ಲಾದಿಮಿರ್ ಫಿಲಾಟೊವ್ ತಮ್ಮಷ್ಟಕ್ಕೆ ತಾವೇ, ಒಂದು ವರ್ಷ ಮೊದಲೇ ಮಾಡಿದ್ದರು. ಯುದ್ಧದ ಗದ್ದಲದಲ್ಲಿ ಒಬ್ಬರ ಸುದ್ದಿ ಒಬ್ಬರಿಗೆ ಮುಟ್ಟಿರಲಿಲ್ಲ.

ಮರೆಯದ ಸೋಲು

ಎಲ್ಲವೂ ಗೆಲುವಲ್ಲ. ರಾಲ್ಫ್ ಲಮ್ಲಿ ಅನ್ನೋ ಯುವ ಪೈಲಟ್ ವಿಮಾನ ಬಿದ್ದು ಮುಖವೆಲ್ಲ ಸುಟ್ಟುಕೊಂಡು ಸಿಡ್‌ಕಪ್ಪಿಗೆ ಬಂದಿದ್ದ. ನೋವಿನಿಂದಲೂ ನಿರಾಸೆಯಿಂದಲೂ ಕುಗ್ಗಿಹೋಗಿದ್ದ. 1918ರಲ್ಲಿ ಗಿಲೀಸ್ ಅವನ ಎದೆಯಿಂದ ಮುಖದಗಲದ ದೊಡ್ಡ ಚರ್ಮವನ್ನು ಒಂದೇ ಸಲಕ್ಕೆ ಎಬ್ಬಿಸಿ ಮುಖಕ್ಕೆ ಹಾಕಿದರು. ಆ ಚರ್ಮ ಕೊಳೆಯಿತು. ಕೆಲವೇ ವಾರಗಳಲ್ಲಿ ಲಮ್ಲಿ ತೀರಿಕೊಂಡ. ಗಿಲೀಸ್ ಇದನ್ನು ಮುಚ್ಚಿಡಲಿಲ್ಲ. 1920ರಲ್ಲಿ ಬರೆದ ಮುಖದ ಪ್ಲಾಸ್ಟಿಕ್ ಸರ್ಜರಿಯ ಪುಸ್ತಕದಲ್ಲಿ ಈ ಕೇಸನ್ನೂ ಸೇರಿಸಿದರು. ಅದಾದ ಮೇಲೆ ಸ್ವಲ್ಪ ಸ್ವಲ್ಪವೇ ಮಾಡುವುದು, ದೇಹ ಚೇತರಿಸಿಕೊಳ್ಳುವ ತನಕ ಕಾಯುವುದು, ಇವತ್ತೇ ಮಾಡಬೇಕಾಗಿಲ್ಲದ್ದನ್ನು ಮುಂದಕ್ಕೆ ಹಾಕುವುದು ಅವರ ನಿಯಮವಾಯಿತು. ನಾವು ಅಸೈನ್‌ಮೆಂಟನ್ನು ಮುಂದಕ್ಕೆ ಹಾಕುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ ಬಿಡಿ!

ನಮ್ಮ ಕಡೆಯ ನಂಟು

ಹಣೆಯ ಚರ್ಮವನ್ನು ತಿರುಗಿಸಿ ಮೂಗು ಕಟ್ಟುವ ವಿಧಾನ ಗಿಲೀಸರ ಕಾಲಕ್ಕೆ ಬಳಕೆಯಲ್ಲಿತ್ತು, ಅದರ ಹೆಸರೇ ಭಾರತೀಯ ವಿಧಾನ. ಮೂಗು ಕಟ್ಟುವ ವಿದ್ಯೆ ನಮ್ಮಲ್ಲಿ ಸುಶ್ರುತನಷ್ಟು ಹಳೆಯದು. ಅದು ಇಂಗ್ಲೆಂಡಿಗೆ ಮುಟ್ಟಿದ ದಾರಿಯಲ್ಲಿ ಮೈಸೂರೂ ಇದೆ. ಟಿಪ್ಪುವಿನ ಜೊತೆ 1792ರಲ್ಲಿ ಮುಗಿದ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಅನ್ನೋನು ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಕಡೆಯ ದೇಸೀ ವೈದ್ಯನೊಬ್ಬ ಹಣೆಯ ಚರ್ಮದಿಂದ ಅವನಿಗೆ ಮೂಗು ಕಟ್ಟಿದ. ಅದರ ವರದಿ 1794ರಲ್ಲಿ ಲಂಡನ್ನಿನ ಒಂದು ಪತ್ರಿಕೆಯಲ್ಲಿ ಚಿತ್ರಸಮೇತ ಬಂತು. ಅದನ್ನು ಓದಿ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ಆಪರೇಷನ್ ಮಾಡಿದರು. ನೂರು ವರ್ಷದ ಮೇಲೆ ಸಿಡ್‌ಕಪ್ಪಿನ ಹುಡುಗರಿಗೂ ಅದು ಒದಗಿತು. ಆ ವೈದ್ಯನ ಹೆಸರು ಮಾತ್ರ ಆ ವರದಿಯಲ್ಲಿಲ್ಲ.

ಕೊನೆಯವರೆಗೂ ಕತ್ತರಿ

ಯುದ್ಧ ಮುಗಿದ ಮೇಲೆ ಕಷ್ಟ ಬೇರೆಯದು. ಪ್ಲಾಸ್ಟಿಕ್ ಸರ್ಜರಿಗೆಂದೇ ಒಬ್ಬ ಡಾಕ್ಟರ್ ಯಾಕೆ ಬೇಕು ಅನ್ನೋ ಕಾಲ. ಗಿಲೀಸ್ ಆ ಕೆಲಸವನ್ನೇ ವೃತ್ತಿ ಮಾಡಿಕೊಂಡರು. ಸಿಡ್‌ಕಪ್ಪಿನಲ್ಲಿ ಅವರ ಜೊತೆಗಿದ್ದ ಐವನ್ ಮ್ಯಾಗಿಲ್, ಮುಖದ ಮೇಲೆ ಮಾಸ್ಕ್ ಇಟ್ಟರೆ ಆಪರೇಷನ್ ಮಾಡುವುದೆಲ್ಲಿ ಅನ್ನೋ ತೊಡಕು ಬಿಡಿಸಲು ಹೋಗಿ, ಶ್ವಾಸನಾಳಕ್ಕೇ ಕೊಳವೆ ಇಳಿಸಿ ಅರಿವಳಿಕೆ ಕೊಡುವ ವಿಧಾನವನ್ನು ಬೆಳೆಸಿದರು. ಇವತ್ತು ಎಲ್ಲ ಆಪರೇಷನ್ ಥಿಯೇಟರುಗಳಲ್ಲೂ ಅದರ ವಂಶಸ್ಥರು ಇವೆ.

1930ರಲ್ಲಿ ಗಿಲೀಸ್ ಸರ್ ಆದರು. ಎರಡನೇ ಮಹಾಯುದ್ಧದಲ್ಲಿ ಬೇಸಿಂಗ್‌ಸ್ಟೋಕ್ ಹತ್ತಿರದ ರೂಕ್ಸ್‌ಡೌನ್ ಹೌಸ್‌ನಲ್ಲಿ ಮತ್ತೆ ಗಾಯಾಳುಗಳ ನಡುವೆ ಇದ್ದರು. ಅವರೇ ಕೈಹಿಡಿದು ಬೆಳೆಸಿದ ಸಂಬಂಧಿ ಆರ್ಚಿಬಾಲ್ಡ್ ಮೆಕಿಂಡೋ ಆಗ ಸುಟ್ಟುಕೊಂಡ ಪೈಲಟ್‌ಗಳ ಚಿಕಿತ್ಸೆಗೆ ಹೆಸರಾದರು. 1940ರ ದಶಕದಲ್ಲಿ ಮೈಕಲ್ ಡಿಲನ್ ಅವರಿಗೆ ಲಿಂಗ ಬದಲಾವಣೆಯ ಸರಣಿ ಆಪರೇಷನ್ ಮಾಡಿಕೊಟ್ಟದ್ದೂ ಗಿಲೀಸರೇ. ಬೇರೆಯವರು ಮುಟ್ಟಲು ಹೆದರುತ್ತಿದ್ದ ಕೆಲಸ ಅದು, ಅಲ್ಲೂ ಆಸರೆಯಾದದ್ದು ಅದೇ ಚರ್ಮದ ಕೊಳವೆ.

1960ರ ಆಗಸ್ಟಿನಲ್ಲಿ, 78ನೇ ವಯಸ್ಸಿನಲ್ಲಿ, ಒಬ್ಬ ಹುಡುಗಿಯ ಕಾಲಿನ ಆಪರೇಷನ್ ಮಾಡುತ್ತಿರುವಾಗಲೇ ಅವರ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಸೆಪ್ಟೆಂಬರ್ 10ರಂದು ತೀರಿಕೊಂಡರು.

ಮತ್ತೆ ಹಾಸ್ಟೆಲಿಗೆ

ಗಿಲೀಸ್ ಮೈಕ್ರೋನೀಡ್ಲಿಂಗ್ ಮಾಡಿದವರಲ್ಲ. ಅದು 1990ರ ದಶಕದ ಬೆಳವಣಿಗೆ. ಆದರೆ ಎರಡೂ ನಿಂತಿರುವುದು ಒಂದೇ ನಂಬಿಕೆಯ ಮೇಲೆ: ವಾಸಿ ಮಾಡುವುದು ದೇಹ, ನಾವು ದಾರಿ ಮಾಡಿಕೊಡಬೇಕು ಅಷ್ಟೇ. ಸಣ್ಣ ಸೂಜಿಗಳು ಚರ್ಮದಲ್ಲಿ ಸಾವಿರಾರು ಚಿಕ್ಕ ಗಾಯ ಮಾಡುತ್ತವೆ. ಅವು ಮಾಯುವಾಗ ದೇಹ ಹೊಸ ಕೊಲಾಜೆನ್ ಕಟ್ಟುತ್ತೆ, ಗುಳಿ ಸ್ವಲ್ಪ ಸ್ವಲ್ಪ ಮೇಲೇಳುತ್ತೆ. ಕಟ್ಟಡದ ಕ್ಯೂರಿಂಗ್ ಇದ್ದ ಹಾಗೆ, ಇದಕ್ಕೆ ತಿಂಗಳುಗಳೇ ಬೇಕು. ಅದಕ್ಕೇ ಸಾಮಾನ್ಯವಾಗಿ ಒಂದು ಸಲಕ್ಕೂ ಇನ್ನೊಂದಕ್ಕೂ ನಡುವೆ ನಾಲ್ಕರಿಂದ ಆರು ವಾರ ಬಿಡುತ್ತಾರೆ. ಅಗಲವಾದ ಗುಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತೆ, ಕಿರಿದಾಗಿ ಆಳವಾದ ಗುಳಿಗೆ ಅಷ್ಟಾಗಿ ಮಾಡಲ್ಲ. ಮೊಡವೆ ಇನ್ನೂ ಕೀವು ತುಂಬಿಕೊಂಡಿರುವಾಗ ಸೂಜಿ ಹಾಕಬಾರದು. ನಮ್ಮಂಥ ಕಂದು ಚರ್ಮದವರಿಗೆ ತಪ್ಪಾಗಿ ಮಾಡಿದರೆ ಕಪ್ಪು ಕಲೆ ಉಳಿಯಬಹುದು. ಬಾತ್‌ರೂಮಿನಲ್ಲಿ ಮಾಡಿಕೊಳ್ಳಬೇಡಿ, ರೂಮ್‌ಮೇಟಿನ ರೋಲರನ್ನಂತೂ ಮುಟ್ಟಲೇಬೇಡಿ.

ನಮ್ಮ ಗೆಳೆಯನ ಸೋಂಕು ವಾಸಿಯಾಯಿತು. ಡಾಕ್ಟರು ಮೂರು ತಿಂಗಳು ಏನೂ ಮಾಡದೆ ಕಾಯಿಸಿದರು, ಈಗ ಎರಡು ಸಲ ಆಗಿದೆ. ಗುಳಿಗಳು ಪೂರ್ತಿ ಹೋಗಿಲ್ಲ, ಪೂರ್ತಿ ಹೋಗುವುದೂ ಇಲ್ಲ ಅಂತ ಅವರೇ ಹೇಳಿದ್ದಾರೆ. ಕನ್ನಡಿಯ ಪೇಪರನ್ನು ಅವನೇ ಹೋದ ತಿಂಗಳು ಕಿತ್ತುಹಾಕಿದ, ನಾವು ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಅವನ ಕೆನ್ನೆಯ ಬಗ್ಗೆ ಮೊದಲ ಜೋಕು ಹೊಡೆದವರು ನಾವೇ ಅನ್ನೋದು ಮಾತ್ರ ಇದನ್ನು ಬರೆಯುವಾಗ ಪದೇ ಪದೇ ನೆನಪಾಯಿತು. ಸಿಡ್‌ಕಪ್ಪಿನ ಊರಿನವರಿಗೆ ಬಣ್ಣ ಬಳಿದ ಬೆಂಚು ಬೇಕಾಯಿತು. ನಮ್ಮ ಕ್ಯಾಂಪಸ್ಸಿನಲ್ಲಿ ಅಂಥ ಬೆಂಚಿನ ಅಗತ್ಯ ಯಾರಿಗೂ ಬರದ ಹಾಗೆ ನೋಡಿಕೊಳ್ಳೋಣ.