ಏಳು ಬೀಜ ತಂದ ಬಾಬಾ ಬುಡನ್

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ರೇಷ್ಮೆ ಇದೆ, ರಾಗಿ ಇದೆ, ಮಾವು ಇದೆ. ಕಾಫಿ ಮಾತ್ರ ಮಲೆನಾಡಿಂದಲೇ ಬರಬೇಕು. ಆದ್ರೂ ಇಂಟರ್ನಲ್ಸ್ ಬಂತು ಅಂದ್ರೆ ನಮ್ಮ ರಾತ್ರಿಗಳು ಓಡೋದು ಕಾಫಿ ಮೇಲೆ. ಅದನ್ನ ನಮ್ಮ ನಾಡಿಗೆ ತಂದವರು ಬಾಬಾ ಬುಡನ್.

ಅವರು 17ನೇ ಶತಮಾನದ ಸೂಫಿ ಸಂತರು. ಅವರ ಜೀವನದ ಬಗ್ಗೆ ದಾಖಲೆಗಿಂತ ಜನ ಹೇಳಿಕೊಂಡು ಬಂದ ಕಥೆಯೇ ಜಾಸ್ತಿ. ಮೆಕ್ಕಾ ಯಾತ್ರೆ ಮುಗಿಸಿ ಬರುವಾಗ ಯೆಮೆನ್‌ನ ಮೋಕಾ ಬಂದರಿನಲ್ಲಿ ಅವರಿಗೆ ಕಾಫಿ ಸಿಕ್ಕಿತಂತೆ. ಆಗ ಈ ವ್ಯಾಪಾರ ಅರಬ್ಬರ ಕೈಯಲ್ಲಿತ್ತು. ಬೇರೆಯವರು ಬೆಳೆಯಬಾರದು ಅಂತ ಬೀಜವನ್ನ ಹುರಿದೋ ಬೇಯಿಸಿಯೋ ಮಾರುತ್ತಿದ್ದರು. ಬುಡನ್ ಏಳು ಹಸಿ ಬೀಜ ಬಚ್ಚಿಟ್ಟುಕೊಂಡು ಬಂದರು. ಗಡ್ಡದಲ್ಲಿ ಅಂತಾರೆ ಕೆಲವರು, ಸೊಂಟಕ್ಕೆ ಕಟ್ಟಿಕೊಂಡು ಅಂತಾರೆ ಇನ್ನು ಕೆಲವರು. 1670ರ ಸುಮಾರಿಗೆ ಅವನ್ನು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರು ಅನ್ನೋದು ಪ್ರತೀತಿ. ಆ ಬೆಟ್ಟಕ್ಕೀಗ ಅವರದೇ ಹೆಸರು. ಇವತ್ತು ದೇಶದ ಕಾಫಿಯಲ್ಲಿ ಸುಮಾರು 70% ಕರ್ನಾಟಕದ್ದು.

ಯೆಮೆನ್‌ನ ಸೂಫಿಗಳು ಕಾಫಿ ಕುಡೀತಿದ್ದದ್ದು ರಾತ್ರಿಯಿಡೀ ಎದ್ದಿದ್ದು ದೇವರ ಸ್ಮರಣೆ ಮಾಡೋಕೆ. ನಿದ್ದೆ ಯಾಕೆ ದೂರ ಆಗುತ್ತೆ ಅನ್ನೋದು ಬುಡನ್ ಕಾಲಕ್ಕೆ ಯಾರಿಗೂ ಗೊತ್ತಿರಲಿಲ್ಲ. ಜರ್ಮನಿಯ ರುಂಗೆ ಕಾಫಿ ಬೀಜದಿಂದ ಕೆಫೀನ್ ಬೇರ್ಪಡಿಸಿದ್ದು 1819ರಲ್ಲಿ. ನಾವು ಎಚ್ಚರ ಇದ್ದಷ್ಟೂ ಮೆದುಳಿನಲ್ಲಿ ಅಡೆನೊಸಿನ್ ಸೇರುತ್ತಾ ಹೋಗುತ್ತೆ, ಅದರಿಂದಲೇ ತೂಕಡಿಕೆ. ಕೆಫೀನ್ ಬಂದು, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ, ಅಡೆನೊಸಿನ್ ಕೂರಬೇಕಾದ ಜಾಗ ಹಿಡಿಯುತ್ತೆ. ಅಂದ್ರೆ ನಿದ್ದೆ ಎಲ್ಲೂ ಹೋಗಿಲ್ಲ, ನಿಂತುಕೊಂಡು ಕಾಯ್ತಿದೆ ಅಷ್ಟೆ. ಕುಡಿದ ಕೆಫೀನ್ ಅರ್ಧ ಇಳಿಯೋಕೆ ಸುಮಾರು 5 ಗಂಟೆ ಬೇಕು.

ಆ ಏಳು ಬೀಜದಲ್ಲಿ ಇನ್ನೂ ಒಂದು ಸಂಯುಕ್ತ ಇತ್ತು: ಕ್ಲೋರೋಜೆನಿಕ್ ಆಮ್ಲ. ಇದು ಆಂಟಿಆಕ್ಸಿಡೆಂಟ್, ಹೆಚ್ಚು ಹುರಿದಷ್ಟೂ ಕಡಿಮೆಯಾಗುತ್ತೆ. ದಿನಕ್ಕೆ 3-4 ಕಪ್ ಕುಡಿಯೋರಲ್ಲಿ ಟೈಪ್ 2 ಡಯಾಬಿಟಿಸ್, ಲಿವರ್ ಕಾಯಿಲೆ ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಕಾಫಿಯೇ ಕಾರಣ ಅಂತ ಇದರಿಂದ ಸಾಬೀತಾಗಲ್ಲ, ನಂಟು ಇದೆ ಅಂತಷ್ಟೇ ಹೇಳಬಹುದು. ಇನ್ನು ನಮ್ಮ ಫಿಲ್ಟರ್ ಪುಡಿಯಲ್ಲಿ ಚಿಕೋರಿ 49%ವರೆಗೂ ಇರಬಹುದು, ಅದರಲ್ಲಿ ಕೆಫೀನ್ ಇಲ್ಲ. ಮೂರು ಚಮಚ ಸಕ್ಕರೆ ಹಾಕಿ ಡಯಾಬಿಟಿಸ್‌ಗೆ ಒಳ್ಳೇದು ಅಂದ್ರೆ ಅದೂ ನಡೆಯಲ್ಲ.

ಬುಡನ್ ತಂದ ಕಾಫಿ ಸೂಫಿಗಳನ್ನ ರಾತ್ರಿ ಎಬ್ಬಿಸಿ ಇಡ್ತಿತ್ತು. ಅವರಿಗೆ ಬೆಳಿಗ್ಗೆ 9:30ಕ್ಕೆ ಎಂ3 ಪೇಪರ್ ಇರಲಿಲ್ಲ. ನಮಗಿದೆ. ಓದಿದ್ದು ತಲೆಯಲ್ಲಿ ಗಟ್ಟಿಯಾಗೋದು ನಿದ್ದೆಯಲ್ಲಿ. ಹಾಗಾಗಿ ಸಂಜೆ 4ರ ಕಾಫಿಗೆ ನಾವೆಲ್ಲ ರೆಡಿ, ರಾತ್ರಿ 11ರದ್ದು ಬಿಟ್ಟುಬಿಡೋಣ.